ಮಾವ ಹೊಸ್ತಿಲಲ್ಲಿಟ್ಟ ಪ್ಲಗ್ಗುಗಳು

ನಮ್ಮ ಮಾವನಿಗೆ ಹುಬ್ಬು ಇರಲಿಲ್ಲ. ಹುಟ್ಟುವಾಗ ಇತ್ತಂತೆ, ಮದುವೆಯಲ್ಲೂ ಇತ್ತಂತೆ. ಆಮೇಲೆ ಕಾರ್ಬೊರೇಟರಿನಿಂದ ಭಗ್ಗೆಂದು ಎದ್ದ ಬೆಂಕಿ ಎಷ್ಟು ಸಲ ನೆಕ್ಕಿತೋ ಏನೋ, ಕೂದಲು ಬೇಸತ್ತು ಮೊಳೆಯುವುದನ್ನೇ ಬಿಟ್ಟುಬಿಟ್ಟಿತ್ತು. ಹುಬ್ಬಿಲ್ಲದ ಮುಖಕ್ಕೆ ಸಿಟ್ಟು ಬಂದರೂ ಒಂದೇ, ಸಂತೋಷವಾದರೂ ಒಂದೇ. ನಾನು ಸೊಸೆಯಾಗಿ ಮಧುಗಿರಿಯ ಆ ಮನೆಗೆ ಕಾಲಿಟ್ಟ ದಿನ, ತಗ್ಗಿಸಿದ ತಲೆಯಲ್ಲೇ ವಾರೆಗಣ್ಣಿನಿಂದ ನೋಡಿ, ಈ ಮನುಷ್ಯ ಯಾಕಿಷ್ಟು ಬೆರಗಾಗಿ ನಿಂತಿದ್ದಾರೆ ಅಂದುಕೊಂಡಿದ್ದೆ. ಬೆರಗೂ ಇಲ್ಲ, ಮಣ್ಣೂ ಇಲ್ಲ. ಊಟಕ್ಕೆ ತಡವಾಯಿತೆಂದು ಉರಿಯುತ್ತಿದ್ದರು.

ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು, ಶೆಡ್ಡಿಗೆ ಅಂಟಿಕೊಂಡೇ ಮನೆ. ಅವರ ಅಪ್ಪನ ಕಾಲಕ್ಕೆ ಅದು ಕುಲುಮೆ. ನೇಗಿಲ ಗುಳ, ಗಾಡಿ ಚಕ್ರದ ಪಟ್ಟಿ ಮಾಡುತ್ತಿದ್ದ ಜಾಗ. ಯುದ್ಧದ ಕಾಲದಲ್ಲಿ ಮಾವ ಮಿಲಿಟರಿ ಲಾರಿಗಳ ಡಿಪೋದಲ್ಲಿ ಕೆಲಸ ಕಲಿತು ಬಂದವರು, ಅಪ್ಪನ ತಿದಿಯನ್ನು ಬಿಚ್ಚಿ ಮೂಲೆಗೆಸೆದು ಇಂಜಿನ್ನಿಗೆ ಕೈ ಹಾಕಿದರು. ಸಿರಾದಿಂದ, ಕೊರಟಗೆರೆಯಿಂದ, ಅತ್ತ ಪಾವಗಡದಿಂದಲೂ ಗಾಡಿಗಳು ಹುಡುಕಿಕೊಂಡು ಬರುತ್ತಿದ್ದವು. ವಿನಯ ಅನ್ನುವುದು ಅವರ ಮೈಯಲ್ಲಿ ಎಳ್ಳಷ್ಟೂ ಇರಲಿಲ್ಲ. ಬೇರೆಯವರು ರಿಪೇರಿ ಮಾಡಿದ ಗಾಡಿ ಬಂದರೆ ಬಾನೆಟ್ ಎತ್ತಿದವರೇ ಮೂಗು ಹಿಡಿದುಕೊಂಡು, "ಯಾವನ್ಲಾ ಇದನ್ನ ಮುಟ್ಟಿದೋನು? ಮೊದ್ಲು ಹೋಗಿ ಅವನ ಕೈ ಮುರುದ್ಬುಟ್ಟು ಬಾ, ಆಮೇಲೆ ಗಾಡಿ ನೋಡಾನ" ಅನ್ನುತ್ತಿದ್ದರು. ಡ್ರೈವರುಗಳು ಏನಾದರೂ ವಿವರಿಸಲು ಹೋದರೆ ಮಾವನ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು: "ಗಾಡಿ ಸುಳ್ಳು ಹೇಳಾಕಿಲ್ಲ ಕಣ್ಲಾ. ಸುಳ್ಳು ಹೇಳೋನು ಡ್ರೈವರ್ರು."

ತಮಾಷೆ ಅಂದರೆ ಅವರ ಒಬ್ಬನೇ ಮಗ, ನನ್ನ ಗಂಡ, ಡ್ರೈವರೇ ಆಗಿದ್ದರು. ಕಡಲೆಕಾಯಿ ಮಿಲ್ಲಿನ ಸಾಹುಕಾರರ ಕಾರು ಓಡಿಸುತ್ತಿದ್ದರು. ಅಪ್ಪನ ಮುಂದೆ ಎರಡು ಮಾತಿಗಿಂತ ಹೆಚ್ಚು ಆಡಿದ್ದನ್ನು ನಾನು ಕಂಡಿಲ್ಲ. ನನ್ನ ಮುಂದೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ, ಆ ಕಥೆ ಬೇರೆ.

ಆ ಕಾರು ಅಮೆರಿಕದ್ದು, ಎಂಟು ಸಿಲಿಂಡರಿನದು. ಯಾರೋ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ್ದು ಕೈಯಿಂದ ಕೈಗೆ ದಾಟಿ ಮಧುಗಿರಿಗೆ ಬಂದಿತ್ತು. ಸಾಹುಕಾರರು ಅದರ ಹಿಂಭಾಗ ಕುಯ್ಯಿಸಿ, ಬೆಂಚು ಹಾಕಿಸಿ, ಪಾವಗಡದ ದಾರಿಯಲ್ಲಿ ಜನರನ್ನು ಸಾಗಿಸಲು ಬಿಟ್ಟಿದ್ದರು. ತುಂಬಿದ ಭಾರಕ್ಕೆ ಏರಿನಲ್ಲಿ ಕಾರು ಏದುಸಿರು ಬಿಡುತ್ತಿತ್ತು. "ಇದಕ್ಕೆ ಇನ್ನೊಂದಷ್ಟು ಕಸುವು ತುಂಬಕ್ಕಾಗ್ತದಾ ಆಚಾರ್ರೇ? ನಿಮ್ ಕೈಲಿ ಆಗ್ದಿದ್ರೆ ಬ್ಯಾಡ ಬುಡಿ" ಅಂದರಂತೆ. ನಮ್ಮ ಮಾವನಿಗೆ ಆ ಕೊನೆಯ ಮಾತೊಂದು ಸಾಕಾಗಿತ್ತು. ಇಂಜಿನ್ನಿನ ತಲೆಯ ಮುಚ್ಚಳಗಳನ್ನು ಬಿಚ್ಚಿ ಬೆಂಗಳೂರಿಗೆ ಹೊತ್ತುಕೊಂಡು ಹೋಗಿ ತಳ ಸವೆಸಿಕೊಂಡು ಬಂದರು. ಹಾಗೆ ಮಾಡಿದರೆ ಒಳಗಿನ ಜಾಗ ಕಿರಿದಾಗಿ ಪೆಟ್ರೋಲು ಇನ್ನಷ್ಟು ಒತ್ತಡದಲ್ಲಿ ಸಿಡಿಯುತ್ತದೆ. ಒಂದು ಕಾರ್ಬೊರೇಟರ್ ಇದ್ದ ಕಡೆ ಎರಡು ಕೂರಿಸಿದರು. ಶೆಡ್ಡಿನಲ್ಲಿ ಆ ಕಾರು ಗುಡುಗಿದರೆ ನಮ್ಮ ಅಡುಗೆಮನೆಯಲ್ಲಿ ಲೋಟಗಳು ನಡುಗುತ್ತಿದ್ದವು. ಜನ ನಿಂತು ಕಾರನ್ನು ನೋಡುತ್ತಿದ್ದರು. ಮಾವ ನಿಂತು ಜನರನ್ನು ನೋಡುತ್ತಿದ್ದರು.

ಕಸುವೇನೋ ಬಂತು, ಜೊತೆಗೆ ಪ್ಲಗ್ಗಿನ ರಗಳೆಯೂ ಬಂತು. ಪ್ಲಗ್ಗಿನ ತುದಿಯಲ್ಲಿ ಒಂದಕ್ಕೊಂದು ಎದುರಾಗಿ ಎರಡು ಲೋಹದ ಕಡ್ಡಿ ಇರುತ್ತವೆ. ನಡುವಿನ ಸಂದಿಯಲ್ಲಿ ಕಿಡಿ ಹಾರಬೇಕು. ಸಂದಿ ಹೆಚ್ಚಾದರೆ ಕಿಡಿ ದಾಟುವುದಿಲ್ಲ, ಕಡಿಮೆಯಾದರೆ ಕಿಡಿ ಸೊರಗಿ ಮಸಿ ಕಟ್ಟುತ್ತದೆ. ಮಾವ ತಿದ್ದಿದ ಇಂಜಿನ್ನಿನಲ್ಲಿ ಒತ್ತಡ ಹೆಚ್ಚಿದ್ದರಿಂದ ಸಂದಿಯನ್ನು ಮಾಮೂಲಿಗಿಂತ ಕಿರಿದಾಗಿ ಇಡಬೇಕಿತ್ತು. ಕೂದಲೆಳೆಯಷ್ಟು ಆಚೀಚೆಯಾದರೂ ಕಾರು ಮುನಿಸಿಕೊಳ್ಳುತ್ತಿತ್ತು. ದಿನಾ ಸಂಜೆ ಎಂಟೂ ಪ್ಲಗ್ಗು ಬಿಚ್ಚಿ, ಉಜ್ಜಿ, ಸಂದಿ ಸರಿಮಾಡಿ ಮತ್ತೆ ಹಾಕಬೇಕು.

ಅದೇ ಹೊತ್ತಿಗೆ ಮಾವನಿಗೆ ಚಾಳೀಸು ಬಂದಿತ್ತು. ಹತ್ತಿರದ್ದು ಕಾಣದು. ಪ್ಲಗ್ಗನ್ನು ತೋಳು ಚಾಚಿ ಹಿಡಿದು, ಕಣ್ಣು ಕಿರಿದು ಮಾಡಿ, ತಲೆ ಹಿಂದಕ್ಕೆ ಎಳೆದುಕೊಂಡು ನೋಡುತ್ತಿದ್ದರು. ಕನ್ನಡಕ ಹಾಕಿಕೊಳ್ಳಿ ಅಂದರೆ, "ಕನ್ನಡಕ ಇಕ್ಕಂಡು ಕುಂತ್ರೆ ಯಾವನ್ಲಾ ಗಾಡಿ ತತ್ತಾನೆ? ಮುದುಕಾಗೋದ ಅಂತಾರೆ" ಅಂತ ಅತ್ತೆಯ ಮೇಲೆ ಹಾರಾಡುತ್ತಿದ್ದರು.

ನಾನು ಸಿರಾದವಳು. ನಮ್ಮಪ್ಪನದು ಚಿನ್ನದ ಕೆಲಸ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಅಪ್ಪನಿಗೆ ತಂತಿ ಎಳೆದು ಕೊಡುವುದು, ಓಲೆಯ ತಿರುಪು ಕೂರಿಸುವುದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಮಾವ ಹೊಸ್ತಿಲ ಮೇಲೆ ಪ್ಲಗ್ಗುಗಳನ್ನಿಟ್ಟುಕೊಂಡು ಗೊಣಗಾಡಿ, ಸಾಕಾಗಿ, ಹಾಗೇ ಬಿಟ್ಟು ಕೈ ತೊಳೆಯಲು ಹೋದರು. ನಾನು ಒಳಗಿಂದ ಎಲ್ಲ ನೋಡುತ್ತಿದ್ದೆ. ಅವರು ಅಳತೆಗೆ ಬಳಸುತ್ತಿದ್ದದ್ದು ತೆಳ್ಳನೆಯ ಚಪ್ಪಟೆ ಪಟ್ಟಿ. ಕಡ್ಡಿ ಸವೆದು ನಡುವೆ ಗುಳಿ ಬಿದ್ದಿದ್ದರೆ ಪಟ್ಟಿ ಗುಳಿಯ ಮೇಲೆ ಸೇತುವೆ ಕಟ್ಟಿದ ಹಾಗೆ ನಿಲ್ಲುತ್ತದೆ, ಗುಳಿಯ ಆಳ ಅದಕ್ಕೆ ತಿಳಿಯುವುದಿಲ್ಲ. ಇಷ್ಟೂ ತಿಳಿಯದೆ ಒದ್ದಾಡುತ್ತಾರಲ್ಲ ಅನ್ನಿಸಿ, ನನ್ನ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ತಂತಿಯನ್ನು ಆ ಪಟ್ಟಿಯಷ್ಟೇ ತೆಳ್ಳಗೆ ಉಜ್ಜಿಕೊಂಡು, ಆ ದುಂಡನೆಯ ತಂತಿಯನ್ನು ಸಂದಿಯಲ್ಲಿ ಆಡಿಸಿ, ಎಂಟನ್ನೂ ಒಂದೇ ಸಮ ಮಾಡಿ ಅಲ್ಲೇ ಇಟ್ಟೆ. ಮಾವ ಬಂದರು, ನೋಡಿದರು, ಎತ್ತಿಕೊಂಡು ಹೋಗಿ ಕಾರಿಗೆ ಹಾಕಿದರು. ಆ ಸಂಜೆ ಕಾರು ಎಂದಿಲ್ಲದಷ್ಟು ಹದವಾಗಿ ಉಸಿರಾಡಿತು. ಮಾರನೆಯ ದಿನ ಪ್ಲಗ್ಗುಗಳು ತಾವಾಗಿಯೇ ಹೊಸ್ತಿಲಿಗೆ ಬಂದವು.

ಮಾತು ಮಾತ್ರ ಇಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರಿಗೆ ನಿಲ್ಲುವ ಹಾಗಿರಲಿಲ್ಲ, ಮಾತಾಡುವ ಹಾಗಂತೂ ಇಲ್ಲವೇ ಇಲ್ಲ. ಅವರು ನನಗೆ ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದರು, ಅತ್ತೆ ಬಾವಿಯ ಹತ್ತಿರ ಇದ್ದರೂ ಸರಿಯೇ. "ಲೇ ಇವ್ಳೇ, ಪ್ಲಗ್ ಮಡಗಿವ್ನಿ ಅಂತ ಹೇಳ್ಬುಡು" ಅಂತ ಖಾಲಿ ಪಡಸಾಲೆಗೆ ಕೂಗುವುದು, ನಾನು ಅಡುಗೆಮನೆಯಿಂದ ಬಳೆ ಸದ್ದು ಮಾಡುವುದು. ಕೆಲಸ ಮುಗಿಸಿ ಹೊಸ್ತಿಲಿಗೆ ಇಟ್ಟ ಮೇಲೂ ಬಳೆ ಸದ್ದು ಮಾಡುವುದು. ಬಳೆ ಸದ್ದಾಯಿತೆಂದರೆ ಆಯಿತು ಅಂತ ಅರ್ಥ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ, ಆಗ ಅದರಲ್ಲೇನೂ ವಿಶೇಷ ಕಾಣುತ್ತಿರಲಿಲ್ಲ. ಹೊರಗೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಅತ್ತೆಗೆ ಮಾತ್ರ ಇಷ್ಟವಿರಲಿಲ್ಲ. "ಗಂಡಸ್ರ ಸಾಮಾನು ಹೆಂಗ್ಸು ಮುಟ್ಟಬಾರ್ದು, ಏಳ್ಗೆ ಆಗಾಕಿಲ್ಲ" ಅನ್ನುತ್ತಿದ್ದರು.

ದಿನಾ ಪ್ಲಗ್ ಬಿಚ್ಚುವ ಕೆಲಸಕ್ಕೆ ಪೆಟ್ರೋಲಿನ ಸಣ್ಣ ಪೈಪೊಂದು ಅಡ್ಡ ಬರುತ್ತಿತ್ತು. ಎರಡನೆಯ ಕಾರ್ಬೊರೇಟರಿಗೆಂದು ಎಳೆದ ಪೈಪು ಪ್ಲಗ್ಗುಗಳ ಮೇಲೇ ಹಾದುಹೋಗುತ್ತಿತ್ತು. ಪ್ರತಿ ಸಲ ಅದನ್ನೂ ಬಿಚ್ಚಬೇಕು. ಬೇಸರವಾಗಿ ಮಾವ ಒಂದು ದಿನ ಅದನ್ನು ಕಿತ್ತು, ಪಕ್ಕಕ್ಕೆ ಬಗ್ಗಿಸಿ, ಹೊಗೆ ಹೋಗುವ ಕೊಳವೆಯ ಬಳಿಯಿಂದ ತಿರುಗಿಸಿದರು. ಪ್ಲಗ್ಗುಗಳು ಈಗ ಸಲೀಸಾಗಿ ಕೈಗೆ ಬರತೊಡಗಿದವು.

ಬೇಸಿಗೆ ಶುರುವಾದಾಗ, ನಾನು ಎಳೆ ಮಗಳಿಗೆ ಹಾಲೂಡಿಸುತ್ತಾ ಕೂತಿದ್ದ ಒಂದು ಸಂಜೆ, ನನ್ನ ಗಂಡ ಶೆಡ್ಡಿನಲ್ಲಿ ಹೇಳುವುದು ಕೇಳಿಸಿತು: "ಅಪ್ಪಾ, ಮಧ್ಯಾಹ್ನ ಏರು ಹತ್ತೋವಾಗ ಕೆಮ್ತದೆ. ನಿಂತೇ ಹೋಗ್ತದೇನೋ ಅನ್ನಂಗೆ ಆಯ್ತದೆ."

"ಪ್ಲಗ್ಗು" ಅಂದರು ಮಾವ.

"ಪ್ಲಗ್ಗಲ್ಲ ಅನ್ನಿಸ್ತದೆ. ಹೊತ್ತಾರೆ ತಂಪಲ್ಲಿ ಚೆಂದಾಗಿ ಹತ್ತುತದೆ."

"ನಂಗೇ ಹೇಳಾಕ್ ಬರ್ತೀಯೇನ್ಲಾ? ಗೇರು ತಡ ಮಾಡಿ ಹಾಕ್ತೀಯ, ಸುಳ್ಳು ನಂಗೇಳ್ತೀಯ. ಪ್ಲಗ್ಗೇ ಅದು."

ಪ್ಲಗ್ಗುಗಳು ಹೊಸ್ತಿಲಿಗೆ ಬಂದವು. ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು ತಂತಿ ಆಡಿಸಿದೆ. ಎಲ್ಲವೂ ನಾನು ಇಟ್ಟ ಹಾಗೇ ಇದ್ದವು. ಮಸಿಯಿಲ್ಲ, ಸವೆತವಿಲ್ಲ, ಸುಟ್ಟ ಇಟ್ಟಿಗೆಯ ಬಣ್ಣ. ಮುಟ್ಟುವುದಕ್ಕೇ ಏನೂ ಇರಲಿಲ್ಲ. ಹಾಗೇ ತಿರುಗಿ ಇಟ್ಟು ಬಳೆ ಸದ್ದು ಮಾಡಿದೆ. ಬಳೆಗೆ "ಆಯಿತು" ಅನ್ನುವುದೊಂದೇ ಗೊತ್ತು. "ಆಗಬೇಕಾದ್ದೇನೂ ಇರಲಿಲ್ಲ" ಅನ್ನುವುದು ಅದಕ್ಕೆ ಗೊತ್ತಿಲ್ಲ. ಪ್ಲಗ್ಗೆಲ್ಲ ಸರಿಯಾಗೇ ಇದ್ದವಂತೆ, ಮಾವನಿಗೆ ಹೇಳಿ ಅಂತ ಅತ್ತೆಗೂ ಅಂದೆ. ಅತ್ತೆ ಮುಖ ತಿರುಗಿಸಿಕೊಂಡು ಹೋದರು. ಮುಂದೆ ಕೆಲವು ದಿನ ಮೋಡ ಕವಿದಿತ್ತು, ಕಾರು ಕೆಮ್ಮಲಿಲ್ಲ. ನಾನು ತಿದ್ದಿಕೊಟ್ಟೆ, ಕಾಯಿಲೆ ವಾಸಿಯಾಯಿತು ಅಂತ ಮಾವ ತಿಳಿದರು. ಅತ್ತೆ ಹೇಳಿರಬೇಕು, ಪ್ಲಗ್ಗಲ್ಲ ಅನ್ನುವುದು ಅವರಿಗೆ ತಿಳಿಯಿತು ಅಂತ ನಾನು ತಿಳಿದೆ. ಒಂದೇ ಗೋಡೆಯ ಆಚೀಚೆ ಇದ್ದವರು ನಾವು!

ಮದುವೆಯ ದಿಬ್ಬಣ ತುಂಬಿಕೊಂಡು ಪಾವಗಡದ ಕಡೆ ಹೊರಟ ದಿನ ನೆತ್ತಿ ಸುಡುವ ಬಿಸಿಲು. ಏರಿನ ಅರ್ಧದಲ್ಲಿ ಕಾರು ಕೆಮ್ಮಿ, ಮತ್ತೊಮ್ಮೆ ಕೆಮ್ಮಿ, ನಿಂತುಹೋಯಿತು. ಆ ಕಾರಿನ ಬ್ರೇಕು ಮುಂದಕ್ಕೆ ಹೋಗುವಾಗ ಹಿಡಿಯುತ್ತಿತ್ತು, ಹಿಂದಕ್ಕೆ ಉರುಳುವಾಗ ಅಷ್ಟಕ್ಕಷ್ಟೆ. ಅಷ್ಟು ಜನದ ಭಾರಕ್ಕೆ ಕಾರು ಹಿಂದಕ್ಕೆ ಸರಿಯತೊಡಗಿತು. "ಧುಮುಕ್ರೀ, ಎಲ್ಲಾ ಧುಮುಕ್ರೀ" ಅಂತ ನನ್ನ ಗಂಡ ಕೂಗಿದರಂತೆ. ಎಲ್ಲರೂ ಇಳಿದು ಬದುಕಿದರು. ಕಾರು ಕಣಿವೆಗೆ ಬೀಳದ ಹಾಗೆ ಗುಡ್ಡದ ಕಡೆ ತಿರುಗಿಸಿ ಹಿಡಿದುಕೊಂಡೇ ಕೂತಿದ್ದವರು ಅವರೊಬ್ಬರೇ. ಹಿಂಬದಿ ಬಂಡೆಗೆ ಬಡಿದು ಕಾರು ಮಗುಚಿತು. ಸಂಜೆಗೆ ಎತ್ತಿನ ಗಾಡಿಯಲ್ಲಿ ತಂದು ಅಂಗಳದಲ್ಲಿ ಮಲಗಿಸಿದರು. ನಾನು ಏನು ಮಾಡಿದೆನೋ ನನಗೆ ನೆನಪಿಲ್ಲ. ನೆನಪಾಗುವುದೂ ಬೇಡ.

ಅತ್ತೆ ಮಾಡಿದ್ದು ನೆನಪಿದೆ. ಮಗನ ಎದೆಯ ಮೇಲಿಂದ ತಲೆಯೆತ್ತಿ, ಊರಿನ ಜನರೆಲ್ಲ ನೆರೆದಿದ್ದ ಕಡೆ ನನ್ನತ್ತ ಕೈ ತೋರಿಸಿ ಕೂಗಿದರು: "ಪ್ಲಗ್ ಮುಟ್ಟಿಸ್ಬ್ಯಾಡಿ ಅಂದೆ, ಕೇಳಿದ್ರಾ? ಇವ್ಳು ಕಣ್ರೋ ದಿನಾ ಪ್ಲಗ್ ಕೂರಿಸ್ತಿದ್ದೋಳು! ನನ್ ಮಗನ್ನ ತಿಂದ್ಕಂಡ್ಬುಟ್ಲು, ಮುಂಡೆ!"

ಮಾತು ಅಲ್ಲಿಂದ ಹಬ್ಬಿತು. ನಲ್ಲಿಯ ಹತ್ತಿರ, ಹೋಟೆಲಿನಲ್ಲಿ, ಡ್ರೈವರುಗಳ ನಡುವೆ ಅದೇ. ಸಾಹುಕಾರರು ಬಂದು ಮಾವನ ಪಕ್ಕ ಕೂತು, "ಹೆಂಗಸಿನ ಕೈಗೆ ಕೊಟ್ಟಿದ್ರಂತಲ್ಲ ಆಚಾರ್ರೇ, ಇನ್ನೇನಾದೀತು? ನಿಮ್ ಕೆಲ್ಸದಲ್ಲಿ ತಪ್ಪಿಲ್ಲ ಅಂತ ಎಲ್ಲಾರ್ಗೂ ಗೊತ್ತು ಬುಡಿ" ಅಂದರು. ಹಿರಿಯರು ಸೇರಿ, ನನ್ನನ್ನು ಸಿರಾಕ್ಕೆ ಕಳಿಸುವುದು, ಮಗು ಮಾತ್ರ ಈ ಮನೆಯದು, ಇಲ್ಲೇ ಇರಲಿ ಅಂತ ಮಾತಾಡಿಕೊಂಡರು. ನನ್ನ ಮಗಳು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ನಾನು ಮಗುವನ್ನು ಅವಚಿಕೊಂಡು ಕತ್ತಲ ಕೋಣೆಯಲ್ಲಿ ಕೂತು, ಮಾವ ಒಂದು ಮಾತು ಆಡಬಾರದೇ ಅಂತ ಕಾಯುತ್ತಿದ್ದೆ. ಅವರಿಗೆ ಬೈದೆ, ಮನಸ್ಸಿನಲ್ಲಿ, ಬಾಯಿಗೆ ಬಂದ ಹಾಗೆ ಬೈದೆ.

ಕಾರ್ಯವೆಲ್ಲ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಬಾವಿಗೆ ಹೋಗಿದ್ದರು. ಮಾವ ಹೊಸ್ತಿಲ ಹತ್ತಿರ ಬಂದು ನಿಂತರು. ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಹಿಂಭಾಗ ನುಜ್ಜುಗುಜ್ಜು, ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅದರಿಂದ ಬಿಚ್ಚಿದ ಪ್ಲಗ್ಗುಗಳು ಮಾವನ ಕೈಯಲ್ಲಿದ್ದವು.

"ಬಾರಮ್ಮ ಇಲ್ಲಿ" ಅಂದರು.

ಯಾರಿಗೆ ಹೇಳುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದೆ.

"ನಿನ್ನೇ ಕಣವ್ವ. ಮಗ ಕೆಮ್ತದೆ ಅಂದಿದ್ನಲ್ಲ, ಆವತ್ತು ಇವನ್ನ ನೀನು ತಿದ್ದಿದ್ಯಾ?"

ಬಳೆ ಒಡೆದಾಗಿತ್ತು. ಬಾಯಿ ಬಿಡಲೇಬೇಕಾಯಿತು.

"ಇಲ್ಲ ಮಾವ. ಎಲ್ಲಾ ಸರಿಯಾಗೇ ಇದ್ವು. ಹಂಗೇ ತಂದು ಮಡಗ್ದೆ."

"ಮುಟ್ನೇ ಇಲ್ವಾ?"

"ಮುಟ್ಟೋಕೆ ಏನೂ ಇರ್ಲಿಲ್ಲ."

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಪ್ಲಗ್ಗುಗಳನ್ನು ನನ್ನ ಕಡೆ ಚಾಚಿ, "ಈಗ ನೋಡು" ಅಂದರು. ತಂತಿ ತಂದು ಅವರ ಎದುರಿಗೇ ನೋಡಿದೆ. ಒಂದೂ ಆಚೀಚೆ ಇರಲಿಲ್ಲ. ಹೇಳಿದೆ. "ಪ್ಲಗ್ಗಲ್ಲ ಅಂದ ಕಣಮ್ಮ ಅವ್ನು. ಬಾಯ್ಬುಟ್ಟು ಹೇಳ್ದ" ಅಂದರು. ಎದ್ದು ಹೋಗಿ ಕಾರಿನ ಬಾನೆಟ್ ಎತ್ತಿದರು.

ಮಧ್ಯಾಹ್ನ ಸಾಹುಕಾರರಿಗೆ, ಹಿರಿಯರಿಗೆ, ಸ್ಟ್ಯಾಂಡಿನಲ್ಲಿದ್ದ ಡ್ರೈವರುಗಳಿಗೆ ತಾವೇ ಹೋಗಿ ಹೇಳಿ ಕರೆದುಕೊಂಡು ಬಂದರು. ನಾನಿಟ್ಟ ಪ್ಲಗ್ಗುಗಳನ್ನೇ ಎಲ್ಲರ ಮುಂದೆ ಹಾಕಿ ಸ್ಟಾರ್ಟ್ ಮಾಡಿದರು. ಬಿಸಿಲಿನಲ್ಲಿ ನಿಲ್ಲಿಸಿದ ಇಂಜಿನ್ನು ಚೆನ್ನಾಗಿಯೇ ಓಡಿತು. ಓಡುತ್ತಲೇ ಇತ್ತು. ಜನ ಮುಖ ಮುಖ ನೋಡಿಕೊಂಡರು. ಮಾವ ಬಾನೆಟ್ ಕೆಳಗೆ ಇಳಿಸಿ, ಇನ್ನಷ್ಟು ಹೊತ್ತು ಜೋರಾಗಿ ಓಡಿಸಿದರು. ಆಮೇಲೆ ಅದು ಕೆಮ್ಮಿತು. ಮತ್ತೆ ಕೆಮ್ಮಿ ನಿಂತಿತು. ಸ್ಟಾರ್ಟ್ ಮಾಡಿದರೆ ಏಳಲೊಲ್ಲದು. ಮಾವ ಬಾನೆಟ್ ಎತ್ತಿ, ಹೊಗೆಯ ಕೊಳವೆಯ ಪಕ್ಕ ತಾವೇ ಬಗ್ಗಿಸಿದ ಪೆಟ್ರೋಲಿನ ಪೈಪನ್ನು ಬರಿಗೈಯಲ್ಲಿ ಹಿಡಿದರು. ಅಂಗೈ ಚುರ್ ಅಂದಿರಬೇಕು, ಬಿಡಲಿಲ್ಲ. ಹತ್ತಿರದ ಡ್ರೈವರನ್ನು ಕರೆದು ಕಿವಿ ಇಡಲು ಹೇಳಿದರು. "ಒಳಗೆ ಕುದೀತೈತೆ" ಅಂದ ಅವನು. ಪೆಟ್ರೋಲು ಕುದ್ದು ಬರೀ ಹಬೆಯಾದರೆ ಇಂಜಿನ್ನಿಗೆ ಕುಡಿಯಲು ಏನು ಸಿಗುತ್ತದೆ? ಕೊಡ ತರಿಸಿ ಪೈಪಿನ ಮೇಲೆ ತಣ್ಣೀರು ಸುರಿದು, ಸ್ವಲ್ಪ ಕಾದು, ಸ್ಟಾರ್ಟ್ ಮಾಡಿದರು. ಇಂಜಿನ್ನು ಗುಡುಗಿಕೊಂಡು ಎದ್ದಿತು. ಅದನ್ನು ಆರಿಸಿ ಜನರ ಕಡೆ ತಿರುಗಿದರು.

"ಈ ಪೈಪು ಎಳ್ದೋನು ನಾನು" ಅಂದರು ಮಾವ. "ಪ್ಲಗ್ ಬಿಚ್ಚೋಕೆ ಸಲೀಸಾಗ್ಲಿ ಅಂತ. ಮಗ ಬಂದು ಹೇಳ್ದ, ಸುಳ್ಳು ಅಂದೆ. ಈ ಹುಡ್ಗಿ ಇಟ್ಟಿರೋ ಸಂದಿ ಕೂದ್ಲೆಳೆ ಆಚೀಚೆ ಇಲ್ಲ. ಬೇಕಾದ್ರೆ ಬಂದು ನೋಡ್ಕಳ್ರಿ. ಕೊಂದೋನು ನಾನು ಕಣ್ರಪ್ಪಾ. ಇನ್ನೊಂದು ಸಲ ಯಾವನಾದ್ರೂ ಅವಳ ಮ್ಯಾಲೆ ಮಾತೆತ್ತಿದ್ರೆ ನಾಲ್ಗೆ ಕಿತ್ತಾಕ್ಬುಡ್ತೀನಿ. ಅವ್ಳೂ ಮಗೂ ಎಲ್ಲೂ ಹೋಗಾಕಿಲ್ಲ."

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನನ್ನ ಪಕ್ಕವೇ ನಿಂತಿದ್ದರು. ಅವರ ಕೈಯಿಂದ ಚೆಂಬು ಜಾರಿ ಬಿತ್ತು. ಎತ್ತಿಕೊಳ್ಳದೆ ಒಳಗೆ ಹೋದರು.

ಆಮೇಲೆ ನಡೆದದ್ದು ಯಾರಾದರೂ ಊಹಿಸಬಹುದು. ಮಗನ ಮಾತನ್ನೇ ಕೇಳದವನಿಗೆ ಗಾಡಿ ಕೊಡುವವರು ಯಾರು? ಸಿರಾದವರು ನಿಲ್ಲಿಸಿದರು, ಕೊರಟಗೆರೆಯವರು ನಿಲ್ಲಿಸಿದರು, ಕೊನೆಗೆ ಪಕ್ಕದ ಸ್ಟ್ಯಾಂಡಿನ ಬಸ್ಸುಗಳೂ ಬೇರೆ ಕಡೆ ಹೋದವು. ಸಾಹುಕಾರರು ಕಾರನ್ನು ಗುಜರಿಗೆ ಹಾಕಿದರು. ಮಾವ ಸೈಕಲ್ಲಿನ ಪಂಕ್ಚರ್ ಹಾಕಿದರು, ಸೀಮೆಎಣ್ಣೆ ಸ್ಟೌ ರಿಪೇರಿ ಮಾಡಿದರು. ಗಂಟಲೆತ್ತಿ ಬೈಯುತ್ತಿದ್ದ ಮನುಷ್ಯ ಸೈಕಲ್ ತಂದ ಹುಡುಗರಿಗೂ ಬಹುವಚನದಲ್ಲಿ ಮಾತಾಡತೊಡಗಿದರು. ಅದನ್ನು ಕೇಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

ಅತ್ತೆ ಅವರ ಜೊತೆ ಮಾತು ಬಿಟ್ಟರು. ತಟ್ಟೆ ಇಡುವುದನ್ನೂ ಬಿಟ್ಟರು. ನಾನು ಇಡುತ್ತಿದ್ದೆ. ಎದುರಿಗೇ ಕೂತು ಬಡಿಸುತ್ತಿದ್ದೆ, ಯಾವ ಪದ್ಧತಿಯವರು ಬಂದು ಏನು ಕಿತ್ತುಕೊಳ್ಳುತ್ತಾರೋ ಕಿತ್ತುಕೊಳ್ಳಲಿ ಅಂತ. ಆ ಸುಡುಗಾಡು ಪದ್ಧತಿ ನನ್ನ ಗಂಡನನ್ನು ನುಂಗಿದ್ದು ಸಾಲದೇ? ಶೆಡ್ಡಿನ ಅರ್ಧವನ್ನು ಮಾವ ನನಗೆ ಬಿಟ್ಟುಕೊಟ್ಟರು. ಸಿರಾದಿಂದ ನಮ್ಮಪ್ಪನ ಹಳೆಯ ಚಿಮಟ, ಊದುಗೊಳವೆ ತರಿಸಿಕೊಂಡು ಓಲೆ, ಮೂಗುತಿ ರಿಪೇರಿಗೆ ಕೂತೆ. ಕೂದಲೆಳೆ ಆಚೀಚೆ ಇಲ್ಲ ಅಂತ ಅವರು ಊರಿನ ಮುಂದೆ ಅಂದ ಮಾತೇ ನನಗೆ ಗಿರಾಕಿ ತಂದಿತು. ಮಗಳನ್ನು ಅದರಲ್ಲೇ ಓದಿಸಿದೆ.

ಒಮ್ಮೆ ತಡೆಯಲಾರದೆ ಕೇಳಿದೆ, "ಸುಮ್ಕಿದ್ದಿದ್ರೆ ಆಗ್ತಿತ್ತಲ್ಲ ಮಾವ? ಜನ ನಾಕು ದಿನ ನನ್ನ ಆಡ್ಕಂಡು ಮರೀತಿದ್ರು. ನಿಮ್ ಕೆಲ್ಸ ಉಳೀತಿತ್ತು."

ಅವರು ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಗಂಡಸಿನ ತಪ್ಪು ಮರೀತಾರೆ ಕಣಮ್ಮ, 'ಗಂಡನ್ನ ತಿಂದ್ಲು' ಅನ್ನೋದು ಮರೆಯಾಕಿಲ್ಲ. ನಿಂಗಿನ್ನೂ ಬಾಳಾ ದೂರ ಇತ್ತು. ನಾನೆಷ್ಟು ದೂರ ಹೊರ್ಬೇಕಿತ್ತು?" ಅಂದರು. ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಅಲ್ದೆ ಸುಳ್ಳೇನೂ ಹೇಳ್ಲಿಲ್ವಲ್ಲ ನಾನು" ಅಂದು ಊಟ ಮುಂದುವರಿಸಿದರು.

ಅವರ ಅಂದಾಜು ಅರ್ಧ ಮಾತ್ರ ಸರಿಯಾಗಿತ್ತು. ಗಂಡಸಿನ ತಪ್ಪನ್ನೂ ಆ ಊರು ಮರೆಯಲಿಲ್ಲ. ಅರವತ್ತರ ದಶಕ ಮುಗಿಯುವ ಮುಂಚೆ, ನಾಲ್ಕು ದಿನದ ಜ್ವರದಲ್ಲಿ ಅವರು ಹೋದರು. ಕೊಳ್ಳಿ ಇಡಬೇಕಾದ ಮಗನಿಲ್ಲದೆ ದಾಯಾದಿಯೊಬ್ಬನನ್ನು ಕರೆಸಬೇಕಾಯಿತು. ಹೆಣ ಬೀದಿಗೆ ಬಂದಾಗ ಬಸ್ಸಿಳಿದ ಪರವೂರಿನವನೊಬ್ಬ ಯಾರದು ಅಂತ ಕೇಳಿದ. ಬೀಡಿ ಅಂಗಡಿಯವನು, "ಮಗನ್ನ ಕೊಂದ ಮೆಕ್ಯಾನಿಕ್ಕು" ಅಂದ, ದನಿಯನ್ನೂ ತಗ್ಗಿಸದೆ. ನಾನು ಮಗಳ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವನು ನನ್ನನ್ನು ಕಂಡವನೇ ಬೀಡಿ ಬಿಸಾಡಿ ಎದ್ದು ನಿಂತು, "ಬಾರಮ್ಮ, ನೆಳ್ಳಿಗೆ ಬಾ. ಪಾಪ, ನಿಂದೇನೈತೆ ತಪ್ಪು" ಅಂದು ಜಾಗ ಬಿಟ್ಟುಕೊಟ್ಟ.